ಇಪ್ಪತ್ಮೂರನೇ ಕೊಕ್ಕೆ

ಕಚೇರಿಯಲ್ಲಿ ಅವಳಿಗೆ ಚುಕ್ಕೆ ಮೇಡಂ ಅಂತಲೇ ಹೆಸರು. ವಿಮಾನಗಳು ನಿಯಮದ ಪ್ರಕಾರ ಹಾರುತ್ತಿವೆಯೋ, ಅವನ್ನು ರಿಪೇರಿ ಮಾಡುವವರು ನಿಯಮದ ಪ್ರಕಾರ ಮಾಡುತ್ತಿದ್ದಾರೋ ಎಂದು ನೋಡುವ ಸರ್ಕಾರಿ ಕಚೇರಿ ಅದು. ಯಾವ ಕಾಗದವೇ ಬರಲಿ, ಒಂದೊಂದೇ ಸಾಲು ಓದಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುವುದು ಅವಳ ಪದ್ಧತಿ. ಚುಕ್ಕೆ ಬಿದ್ದ ಸಾಲನ್ನು ನಿರ್ದೇಶಕರು ಕೂಡ ಮತ್ತೆ ಓದುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳ ಚುಕ್ಕೆ ಒಂದು ಸಲವೂ ತಪ್ಪಿದ್ದಿಲ್ಲ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವಳೇ ನಂಬಿದ್ದಳು ಅನ್ನಿ.

ಆ ಬುಧವಾರ ಅವಳ ಮೇಜಿಗೆ ಬಂದದ್ದು ಒಂದು ಸ್ಪಾನರಿನ ಫೈಲು.

ನಡೆದದ್ದು ಇಷ್ಟು. ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ, ಬೆಳಗಿನ ಮೊದಲ ಹಾರಾಟ. ಹೊರಡುವ ಮೊದಲು ಪೈಲಟ್ ಎಂದಿನಂತೆ ವಿಮಾನದ ಮೂತಿ ಏರಿಸಿ ಇಳಿಸುವ, ತನ್ನ ಮುಂದಿನ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿ, ಪೂರ್ತಿ ಹಿಂದಕ್ಕೆ ಎಳೆದು ನೋಡಿದಳು. ಮುಕ್ಕಾಲು ಪಾಲು ಬಂದದ್ದು ಕಟಕ್ ಅಂತ ನಿಂತಿತು. ಇನ್ನೊಂದು ಸಲ ಎಳೆದಳು, ಅಲ್ಲೇ ನಿಂತಿತು. ಅವಳು ಎಂಜಿನ್ ಆರಿಸಿ, ಹಾರುವುದಿಲ್ಲ ಎಂದುಬಿಟ್ಟಳು. ಹದಿನೇಳು ಜನ ಪ್ರಯಾಣಿಕರು ಗೊಣಗುತ್ತ ಇಳಿದರು, ಒಬ್ಬರಂತೂ ಅವಳಿಗೆ ಮುಖಕ್ಕೆ ಹೊಡೆದ ಹಾಗೆ ಬೈದರು. ತಾವು ಎಂಥದರಿಂದ ಇಳಿದು ಬಂದಿದ್ದೇವೆ ಎಂದು ಆ ಪುಣ್ಯಾತ್ಮರಿಗೆ ಏನು ಗೊತ್ತು? ವಿಮಾನದ ಬಾಲದ ತಗಡು ಬಿಚ್ಚಿದಾಗ ಒಳಗೆ, ಆ ಹಿಡಿಗೆ ಜೋಡಿಸಿದ ಉಕ್ಕಿನ ಹಗ್ಗಕ್ಕೂ ಅದರ ರಾಟೆಗೂ ನಡುವೆ, ಹತ್ತನೇ ನಂಬರಿನ ಒಂದು ಸ್ಪಾನರ್ ಸಿಕ್ಕಿಕೊಂಡಿತ್ತು. ವಿಮಾನ ನೆಲ ಬಿಟ್ಟ ಮೇಲೆ ಅದೇ ಸ್ಪಾನರ್ ಸರಿದು ಅಲ್ಲಿಗೆ ಬಂದಿದ್ದರೆ? ಆ ಮಾತು ಬೇಡ ಬಿಡಿ.

ಹಿಂದಿನ ದಿನ ಮಧ್ಯಾಹ್ನ ಬಾಲದ ಕೆಲಸ ನಡೆದಿತ್ತು. ಕೆಲಸ ಮುಗಿದ ಮೇಲೆ "ಸಲಕರಣೆಗಳೆಲ್ಲ ಎಣಿಕೆಯಾಗಿವೆ, ಒಳಗೆ ಏನೂ ಉಳಿದಿಲ್ಲ" ಎಂಬ ಸಾಲಿನ ಮುಂದೆ ಸಹಿ ಹಾಕಿದವರು ವಿಮಾನ ರಿಪೇರಿ ಶೆಡ್ಡಿನ ಹಿರಿಯ ಎಂಜಿನಿಯರ್. ಮೂವತ್ತೊಂದು ವರ್ಷದಿಂದ ಲೈಸೆನ್ಸು ಹಿಡಿದವರು. ಅರ್ಧ ಶೆಡ್ಡು ಅವರ ಕೈಯಲ್ಲೇ ಕೆಲಸ ಕಲಿತದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು.

ಫೈಲು ಬಂದ ಮಾರನೇ ದಿನವೇ ಅವಳು ಶೆಡ್ಡಿಗೆ ಹೋದಳು. ಅಲ್ಲಿನ ಗೋಡೆಯ ಮೇಲೆ ಬಾಗಿಲಿನಷ್ಟು ಅಗಲದ ಒಂದು ಹಲಗೆ, ಅದರ ತುಂಬ ಕೊಕ್ಕೆಗಳು. ಪ್ರತಿ ಕೊಕ್ಕೆಯ ಕೆಳಗೂ ಅಲ್ಲಿ ತೂಗಬೇಕಾದ ಸಲಕರಣೆಯ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ಒಂದು ಸಲಕರಣೆ ವಾಪಸ್ ಬರದಿದ್ದರೆ ಅದರ ಕಪ್ಪು ಆಕಾರ ಎದ್ದು ಕಾಣಬೇಕು, ಕಂಡವರು ಹುಡುಕಬೇಕು, ಸಿಗುವ ತನಕ ವಿಮಾನ ಕದಲಬಾರದು. ಅದಕ್ಕೇ ಆ ಹಲಗೆ ಇರುವುದು. ಸಾಲದ್ದಕ್ಕೆ ಪ್ರತಿಯೊಂದರ ಮೇಲೂ ನಂಬರು ಕೆತ್ತಿತ್ತು. ಸಹಿ ಹಾಕುವವರು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನಂಬರು ಓದಬೇಕು. ಹಾಗಿದ್ದೂ ಸ್ಪಾನರ್ ವಿಮಾನದ ಹೊಟ್ಟೆಯಲ್ಲಿದ್ದಾಗ ಹಲಗೆ ತುಂಬಿತ್ತು ಹೇಗೆ? ಹುಡುಕಲು ಅವಳಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹಲಗೆಯ ಹಿಂದೆ, ಗೋಡೆಯ ಸಂದಿಯಲ್ಲಿ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಅದರ ತುಂಬ ನಂಬರಿಲ್ಲದ ಸ್ಪಾನರು, ಸ್ಕ್ರೂಡ್ರೈವರು, ಇಕ್ಕಳ.

ಸಲಕರಣೆ ಕಳೆದರೆ ಡಬ್ಬಿಯಿಂದ ಅಂಥದ್ದೇ ಇನ್ನೊಂದನ್ನು ತೆಗೆದು ಕೊಕ್ಕೆಗೆ ಹಾಕುವುದು ಅಲ್ಲಿನ ರೂಢಿ. ಕಳೆದದ್ದನ್ನು ಬಿಡುವಾದಾಗ ಹುಡುಕಿದರಾಯಿತು ಎಂಬ ಲೆಕ್ಕಾಚಾರ. ಡಬ್ಬಿ ಯಾರದೆಂದು ಅವಳು ಯಾರನ್ನೇ ಕೇಳಿದರೂ ಅವರು ಮೇಷ್ಟ್ರ ಕಡೆ ನೋಡಿದರು.

ಮೇಷ್ಟ್ರನ್ನು ಕಚೇರಿಗೆ ಕರೆಸಿ ಹೇಳಿಕೆ ತೆಗೆದುಕೊಂಡದ್ದು ಸೋಮವಾರ. ಕಿಟಕಿಯಿಲ್ಲದ ಕೋಣೆ, ನಡುವೆ ಮೇಜು, ಮೇಜಿನ ಮೇಲೆ ಧ್ವನಿಮುದ್ರಣದ ಯಂತ್ರ, ಎರಡು ಲೋಟ ನೀರು. ಮನುಷ್ಯ ತೆಳ್ಳಗೆ ಎತ್ತರಕ್ಕಿದ್ದರು. ಮಂಡಿ ನೋವಿರಬೇಕು, ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕೂತರು. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಜೊತೆಗೆ ಯಾರನ್ನಾದರೂ ಕರೆತರಬಹುದಿತ್ತು, ಒಬ್ಬರೇ ಬಂದಿದ್ದರು. ಸಹಿ ತಮ್ಮದೇ ಎಂದು ಒಪ್ಪಿಕೊಂಡರು. ಹಲಗೆ ತುಂಬಿದ್ದು ನೋಡಿ ಸಹಿ ಹಾಕಿದೆ, ನಂಬರು ಓದಲಿಲ್ಲ ಎಂದರು. ಅಂದು ಕೊಕ್ಕೆಗೆ ಡಬ್ಬಿಯ ಸ್ಪಾನರ್ ಹಾಕಿದವನು ಯಾರು ಎಂದು ಕೇಳಿದರೆ, ಶೆಡ್ಡಿನಲ್ಲಿ ಏನೇ ನಡೆದರೂ ಜವಾಬ್ದಾರಿ ತಮ್ಮದೇ ಎಂದಷ್ಟೇ ಹೇಳಿದರು.

"ಆ ಡಬ್ಬಿ ಯಾರು ಇಟ್ಟಿದ್ದು?" ಎಂದು ಅವಳು ಕೇಳಿದಳು.

"ನಾನೇ ಇಟ್ಟಿದ್ದು ಮೇಡಂ."

"ಯಾಕೆ?"

"ಕೊಕ್ಕೆ ಖಾಲಿ ಇರಬಾರ್ದು ಅಂತ."

"ಹಾಗಂತ ಯಾರು ಹೇಳಿದ್ರು ನಿಮಗೆ?"

ಮೇಷ್ಟ್ರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಲೋಟ ಎತ್ತಿ ಒಂದು ಗುಟುಕು ನೀರು ಕುಡಿದು, ಲೋಟವನ್ನು ಅದು ಮೊದಲಿದ್ದ ಒದ್ದೆ ಗುರುತಿನ ಮೇಲೇ ಇಟ್ಟರು. "ಯಾರೋ ಹೇಳಿರ್ತಾರೆ ಬಿಡಿ. ಸಹಿ ಹಾಕಿದ್ದು ನಾನಲ್ವಾ?" ಎಂದರು.

ಅವಳಿಗೆ ರೇಗಿತು. ಇಷ್ಟು ವಯಸ್ಸಾದವರು, ಇಷ್ಟು ಜನಕ್ಕೆ ಪಾಠ ಹೇಳಿದವರು, ನೇರ ಪ್ರಶ್ನೆಗೆ ಹೀಗೆ ನುಣುಚಿಕೊಳ್ಳುವುದೇ? ಟಿಪ್ಪಣಿಯಲ್ಲಿ ಅದೇ ಮಾತು ಬರೆದಳು: ನುಣುಚಿಕೊಂಡರು.

ಲೈಸೆನ್ಸಿನ ವಿಷಯದಲ್ಲಿ ಕಚೇರಿಯ ದಾರಿ ಮೂರೇ. ಮನುಷ್ಯಸಹಜವಾದ ಮರೆವೋ ಗಡಿಬಿಡಿಯೋ ಆಗಿದ್ದರೆ ಎಚ್ಚರಿಕೆಯ ಪತ್ರ, ಮತ್ತೆ ತರಬೇತಿ. ಅಜಾಗರೂಕತೆಯಾಗಿದ್ದರೆ ಕೆಲವು ತಿಂಗಳ ಅಮಾನತು. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದ್ದರೆ ರದ್ದು. ಐವತ್ತೆಂಟರಲ್ಲಿ ರದ್ದಾದ ಲೈಸೆನ್ಸು ಮತ್ತೆ ಕೈಗೆ ಬರುವ ಮಾತೇ ಇಲ್ಲ. ತೀರ್ಮಾನ ಮಾಡುವುದು ಮೂವರ ಸಮಿತಿ. ತನಿಖೆ ಮಾಡಿದವರು ಅದರಲ್ಲಿ ಕೂರುವಂತಿಲ್ಲ. ಆದರೆ ಸಮಿತಿ ಓದುವುದು ತನಿಖೆಯವರು ಬರೆದದ್ದನ್ನೇ ತಾನೆ? ಅವಳು ಬರೆದಳು: ಡಬ್ಬಿ ಇಟ್ಟದ್ದು ಇವರೇ, ಹಲಗೆ ತುಂಬಿದ್ದರೆ ಅದು ನಂಬಿಕೆಗೆ ತಕ್ಕದ್ದಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರೂ ಇವರೇ, ಆದ್ದರಿಂದ ಗೊತ್ತಿದ್ದೂ ಮಾಡಿದ್ದು. ಶಿಫಾರಸು ಎಂಬಲ್ಲಿ "ರದ್ದು" ಎಂದು ಬರೆದು, ಪಕ್ಕದಲ್ಲಿ ಚುಕ್ಕೆ ಇಟ್ಟಳು. ಹದಿನೇಳು ಜನರ ಮುಖ ಅವಳ ಕಣ್ಣ ಮುಂದಿತ್ತು, ಅಳುಕುವುದಾದರೂ ಯಾಕೆ?

ವರದಿಯ ಜೊತೆ ಆ ಶೆಡ್ಡಿನ ಹಿಂದಿನ ತಪಾಸಣೆಯ ಫೈಲನ್ನೂ ಸೇರಿಸಬೇಕೆಂಬುದು ನಿಯಮ. ಎರಡು ವರ್ಷದ ಹಿಂದೆ ತಪಾಸಣೆ ಮಾಡಿದವಳು ಅವಳೇ. ಏಳು ಜನರ ಕಚೇರಿಯಲ್ಲಿ ಎಲ್ಲರೂ ಎಲ್ಲ ಕಡೆಗೂ ಒಂದಲ್ಲ ಒಂದು ಸಲ ಹೋಗಿಯೇ ಇರುತ್ತಾರೆ, ಅದರಲ್ಲೇನೂ ವಿಶೇಷವಿರಲಿಲ್ಲ. ದಾಖಲೆ ಕೋಣೆಯಿಂದ ಫೈಲು ತರಿಸಿ ಧೂಳು ಕೊಡವಿ ತೆರೆದಳು. ಮೊದಲ ಪುಟದಲ್ಲೇ ಅವಳ ಅಕ್ಷರ ಇತ್ತು.

"ಲೋಪ: ಇಪ್ಪತ್ಮೂರನೇ ಕೊಕ್ಕೆ ಖಾಲಿ. ಇಕ್ಕಳ ಎಲ್ಲಿದೆ ಎಂದು ಯಾರಿಗೂ ತಿಳಿದಿಲ್ಲ. ದಿನದ ಕೊನೆಗೆ ಯಾವ ಕೊಕ್ಕೆಯೂ ಖಾಲಿ ಇರಕೂಡದು. ಮರುಕಳಿಸಿದರೆ ಶೆಡ್ಡಿನ ಅನುಮತಿಯನ್ನೇ ಹಿಂಪಡೆಯಲಾಗುವುದು."

ಅವಳಿಗೆ ಆ ದಿನ ನೆನಪಾಯಿತು. ಮೇಷ್ಟ್ರು ಆಗ ಏನೋ ಹೇಳಲು ಬಂದಿದ್ದರು. ಇಕ್ಕಳ ಕಳೆದಿದೆ ಎಂದು ತಾವೇ ಬರೆದಿಟ್ಟಿದ್ದೇವೆ, ಹುಡುಕುತ್ತಿದ್ದೇವೆ, ವಿಮಾನವನ್ನು ನಿಲ್ಲಿಸಿದ್ದೇವೆ, ಅಂತ ಏನೋ. ಅವಳು ಕೈ ಎತ್ತಿ ತಡೆದು, ವಿವರಣೆ ಬೇಡ, ಕೊಕ್ಕೆ ತುಂಬಿಸಿ ತೋರಿಸಿ ಎಂದಿದ್ದಳು. ಎಷ್ಟು ಚೆನ್ನಾಗಿ ಗದರಿಸಿದೆ ಎಂದು ಮನೆಗೆ ಹೋಗುವಾಗ ತನಗೆ ತಾನೇ ಬೆನ್ನು ಚಪ್ಪರಿಸಿಕೊಂಡಿದ್ದೂ ನೆನಪಾಯಿತು.

ಮುಂದಿನ ಪುಟದಲ್ಲಿ ಶೆಡ್ಡಿನವರು ಕಳಿಸಿದ ಒಂದು ಫೋಟೋ. "ಲೋಪ ಸರಿಪಡಿಸಿದೆ" ಎಂಬ ಒಕ್ಕಣೆ. ಹಲಗೆ ತುಂಬಿತ್ತು. ಫೋಟೋದ ಪಕ್ಕದಲ್ಲಿ ಅವಳ ಚುಕ್ಕೆ. ಹೋಗಿ ಕಣ್ಣಾರೆ ನೋಡಿಯೇ ಲೋಪ ಮುಗಿಸಬೇಕೆಂದು ಕಚೇರಿಯ ಕೈಪಿಡಿಯಲ್ಲಿದೆ, ಆ ಕೈಪಿಡಿ ಬರೆದವಳೂ ಅವಳೇ. ಆದರೆ ಅವತ್ತು ಮೇಜಿನ ಮೇಲೆ ಒಂಬತ್ತು ಫೈಲು ಬಾಕಿ ಇದ್ದವು.

ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇಪ್ಪತ್ಮೂರನೇ ಕೊಕ್ಕೆಯಲ್ಲಿ ಇಕ್ಕಳ ತೂಗುತ್ತಿತ್ತು. ಅದರ ಹಿಡಿ ಕಪ್ಪು ಆಕಾರವನ್ನು ದಾಟಿ ಕೆಳಗೆ ಎರಡು ಬೆರಳಷ್ಟು ಹೊರಗೆ ಬಂದಿತ್ತು. ಉಳಿದೆಲ್ಲ ಹಿಡಿಗಳೂ ಹಳದಿ, ಅದೊಂದು ಕೆಂಪು. ಕುರುಡರಿಗೂ ಕಾಣುವ ಹಾಗಿತ್ತು. ಅದು ಕಳೆದ ಇಕ್ಕಳವಲ್ಲ, ಯಾರದೋ ಪೆಟ್ಟಿಗೆಯಿಂದ ತಂದು ಹಾಕಿದ್ದು. ಡಬ್ಬಿ ಹುಟ್ಟಿದ್ದು ಅವತ್ತೇ, ಹುಟ್ಟಿಸಿದ್ದು ಅವಳ ಮಾತು, ಸರಿ ಎಂದು ಒಪ್ಪಿದ್ದು ಅವಳ ಚುಕ್ಕೆ.

ಕಿಟಕಿಯಿಲ್ಲದ ಕೋಣೆಯಲ್ಲಿ ಮೇಷ್ಟ್ರು ಅವಳ ಮುಖ ನೋಡಿದ್ದು ಯಾಕೆಂದು ಈಗ ಗೊತ್ತಾಯಿತು. ನೀವೇ ಹೇಳಿದ್ದು ಮೇಡಂ ಎಂದು ಆ ಮನುಷ್ಯ ಒಂದು ಮಾತು ಆಡಿದ್ದರೆ ಯಂತ್ರದಲ್ಲಿ ದಾಖಲಾಗುತ್ತಿತ್ತು. ಆಡಲಿಲ್ಲ. ಅದಕ್ಕೆ ಅವಳು ಕೊಟ್ಟ ಹೆಸರು ನುಣುಚಿಕೊಂಡರು ಅಂತ!

ಫೋಟೋ ಸಣ್ಣದು, ವರದಿಗೆ ಸೇರಿಸುವಾಗ ಫೈಲಿನ ಮೊದಲ ಪುಟವೊಂದೇ ಸಾಕು ಎಂದರೆ ಯಾರೂ ಕೇಳುವವರಿರಲಿಲ್ಲ. ಸೇರಿಸದಿದ್ದರೆ ಮೇಷ್ಟ್ರ ಲೈಸೆನ್ಸು ಹೋಗುತ್ತದೆ. ಸೇರಿಸಿದರೆ ತನ್ನ ಹದಿನೆಂಟು ವರ್ಷದ ಹೆಸರು ಹೋಗುತ್ತದೆ. ನಡುವಿನ ದಾರಿ ಏನಾದರೂ ಇದೆಯೇ ಎಂದು ಅವಳು ಹುಡುಕಲಿಲ್ಲ ಎಂದೇನಲ್ಲ. ಎರಡು ದಿನ ಹುಡುಕಿದಳು.

ಮನೆಯಲ್ಲಿ ಅವಳ ಗಂಟು ಮುಖ ಮೊದಲು ಗುರುತಿಸಿದ್ದು ಅತ್ತೆ. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ ಹೆಂಗಸು, ಈಗಲೂ ಕಿಟಕಿ ಪಕ್ಕದ ಮಷಿನ್ನಿನ ಮುಂದೆ ಕೂತು ಮನೆಯವರ ಹಳೆ ಬಟ್ಟೆಗಳಿಗೆ ಹೊಸ ಜೀವ ಕೊಡುತ್ತಿದ್ದರು. ಏನಾಯಿತೆಂದು ಕೇಳಿದರು. ಮಗ, ಅಂದರೆ ಅವಳ ಗಂಡ, ಯಾರೋ ಚುಕ್ಕೆ ಅಳಿಸಿರಬೇಕು ಬಿಡಮ್ಮ ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ. ಅವನು ಪೆಚ್ಚಾಗಿ ತಟ್ಟೆ ತೊಳೆಯಲು ಎದ್ದುಹೋದ. ಅವಳು ಅತ್ತೆಗೆ ಹೆಸರು, ಜಾಗ ಒಂದೂ ಹೇಳದೆ ಇಷ್ಟು ಮಾತ್ರ ಹೇಳಿದಳು: ಒಬ್ಬರ ತಪ್ಪಿಗೆ ಶಿಕ್ಷೆ ಬರೆಯುತ್ತಿದ್ದೇನೆ, ಆ ತಪ್ಪಿನ ತುದಿ ನನ್ನ ಕೈಯಲ್ಲಿದೆ.

ಅತ್ತೆ ಕತ್ತರಿ ಕೆಳಗಿಟ್ಟು ಒಂದು ಹಳೆಯ ಕಥೆ ಹೇಳಿದರು. ಒಂದು ಸಲ ಶಾಲೆಯೊಂದಕ್ಕೆ ಅರವತ್ತು ಜೊತೆ ಸಮವಸ್ತ್ರ ಹೊಲಿದರಂತೆ. ಎಲ್ಲದರ ತೋಳೂ ಗಿಡ್ಡ. ಕತ್ತರಿಸಿದ ಹುಡುಗಿಯನ್ನು ಅಂಗಡಿ ತುಂಬ ಜನರ ಮುಂದೆ ಚೆನ್ನಾಗಿ ಝಾಡಿಸಿದರಂತೆ. ಹುಡುಗಿ ತಲೆ ತಗ್ಗಿಸಿ ಹೋದವಳು ಮತ್ತೆ ಬರಲಿಲ್ಲ. ವಾರ ಕಳೆದ ಮೇಲೆ ನೋಡಿದರೆ ಕತ್ತರಿಸಲು ಇವರೇ ಅವಳಿಗೆ ಕೊಟ್ಟಿದ್ದ ಟೇಪಿನ ತುದಿ ಒಂದು ಇಂಚು ಹರಿದುಹೋಗಿತ್ತು.

"ಹುಡುಗೀದು ತಪ್ಪಿರಲಿಲ್ವಾ ಅತ್ತೆ?"

"ಇತ್ತು. ಕತ್ತರಿಸೋ ಮೊದ್ಲು ಹಳೇ ಅಂಗಿ ಒಂದನ್ನ ಪಕ್ಕದಲ್ಲಿ ಇಟ್ಟು ನೋಡ್ಬೇಕಿತ್ತು, ನೋಡ್ಲಿಲ್ಲ. ಅದಕ್ಕೆ ಬೈದದ್ದು ಸರಿ. ಆದ್ರೆ ಟೇಪಿನ ವಿಷ್ಯ ನಾನು ಯಾರಿಗೂ ಹೇಳ್ಲಿಲ್ಲ ಕಣೇ. ಇವತ್ತು ನಿನಗೇ ಮೊದ್ಲು ಹೇಳ್ತಿರೋದು." ಮೂವತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಮುಖ ಹೇಗಿರುತ್ತದೆ ಎಂದು ಅವಳು ಹತ್ತಿರದಿಂದ ಕಂಡಳು.

ಮಾರನೇ ದಿನ ವರದಿಯನ್ನು ಮೊದಲಿನಿಂದ ಬರೆದಳು. ಎಣಿಸದೆ ಸಹಿ ಹಾಕಿದ್ದು ಮೇಷ್ಟ್ರ ತಪ್ಪು, ಅದನ್ನು ಒಂದು ಅಕ್ಷರವೂ ಮೃದು ಮಾಡಲಿಲ್ಲ. ಆದರೆ ಡಬ್ಬಿ ಹುಟ್ಟಿದ್ದು ಹೇಗೆಂದು ಬರೆದು, ಫೋಟೋವನ್ನು ದೊಡ್ಡದಾಗಿ ಮಾಡಿಸಿ ಅಂಟಿಸಿ, ಇದನ್ನು ನೋಡದೆ ಒಪ್ಪಿದ ಅಧಿಕಾರಿ ನಾನೇ ಎಂದು ಹೆಸರು, ಹುದ್ದೆ, ತಾರೀಖು ಸಮೇತ ಸೇರಿಸಿದಳು. ನುಣುಚಿಕೊಂಡರು ಎಂಬ ಮಾತು ಮೊದಲೇ ದಾಖಲೆಯಾಗಿತ್ತು, ಅಳಿಸುವಂತಿರಲಿಲ್ಲ. ಅದರ ಕೆಳಗೆ, ಈ ಅಭಿಪ್ರಾಯ ತಪ್ಪು ಎಂದು ಬರೆದು ಸಹಿ ಹಾಕಿದಳು. ಶಿಫಾರಸನ್ನು ಸಮಿತಿಗೇ ಬಿಟ್ಟಳು. ತನ್ನ ಕೈವಾಡವಿರುವ ವಿಷಯಕ್ಕೆ ಶಿಕ್ಷೆ ಸೂಚಿಸುವ ಹಕ್ಕು ತನಗಿಲ್ಲ ಎಂದಳು.

ನಿರ್ದೇಶಕರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ನಿಜಕ್ಕೂ ಅವಳ ಒಳ್ಳೆಯದನ್ನೇ ಬಯಸುವವರು. ಉಪನಿರ್ದೇಶಕರ ಹುದ್ದೆಗೆ ಅವಳ ಹೆಸರು ಹೋಗಿ ಹದಿನೈದು ದಿನವೂ ಆಗಿರಲಿಲ್ಲ. ಹಳೆಯ ಫೈಲಿಗೂ ಈಗಿನದಕ್ಕೂ ಸಂಬಂಧ ಕಲ್ಪಿಸಲೇಬೇಕೆಂದೇನಿಲ್ಲ, ಬೇರೆ ಟಿಪ್ಪಣಿಯಾಗಿ ನಿಧಾನವಾಗಿ ಕೊಡಬಹುದಲ್ಲ ಎಂದು ಅವರು ನಯವಾಗಿ ಸುತ್ತಿ ಬಳಸಿ ಹೇಳಿದರು.

"ಸರ್, ನಾನು ನಿಧಾನ ಮಾಡಿದ್ರೆ ಅವರ ಲೈಸೆನ್ಸು ಅಷ್ಟರಲ್ಲಿ ಹೋಗಿರುತ್ತೆ," ಎಂದಳು ಅವಳು.

ಅವರು ಕನ್ನಡಕ ಹಾಕಿಕೊಂಡು ಸಹಿ ಹಾಕಿ ಸಮಿತಿಗೆ ಕಳಿಸಿದರು.

ವಿಚಾರಣೆ ನಡೆದದ್ದು ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಒಂದು ಕಡೆ ಸಮಿತಿಯ ಮೂವರು: ಒಬ್ಬ ನಿವೃತ್ತ ಪೈಲಟ್, ಒಬ್ಬ ವಕೀಲೆ, ಒಬ್ಬ ಎಂಜಿನಿಯರ್. ಎದುರಿಗೆ ಮೇಷ್ಟ್ರು. ಅವಳು ಪಕ್ಕದಲ್ಲಿ ನಿಂತು ವರದಿ ಓದಿದಳು. ಫೋಟೋದ ಜಾಗ ಬಂದಾಗ ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು. ಮೇಷ್ಟ್ರು ಅವತ್ತು ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದರು. ವಕೀಲೆ ಅವಳನ್ನು ಅರ್ಧ ಗಂಟೆ ಪ್ರಶ್ನಿಸಿದಳು. ಫೋಟೋ ಬಂದ ದಿನ ಎಷ್ಟು ಹೊತ್ತು ನೋಡಿದಿರಿ ಎಂದು ಕೇಳಿದಳು. ನೆನಪಿಲ್ಲ, ಒಂದು ನಿಮಿಷವೂ ಇರಲಿಕ್ಕಿಲ್ಲ ಎಂದು ಅವಳು ಇದ್ದದ್ದನ್ನು ಇದ್ದಹಾಗೇ ಹೇಳಿದಳು.

ಕೊನೆಗೆ, ಹೇಳುವುದು ಏನಾದರೂ ಇದೆಯೇ ಎಂದು ಮೇಷ್ಟ್ರನ್ನು ಕೇಳಿದರು.

ಅವರು ಎದ್ದು ನಿಂತರು. "ನನ್ನ ಲೈಸೆನ್ಸಿನ ವಿಷ್ಯ ನಿಮಗೆ ಬಿಟ್ಟಿದ್ದು. ಒಂದೇ ಒಂದು ಕೇಳ್ಕೊಳ್ತೀನಿ. ಕೊಕ್ಕೆ ಖಾಲಿ ಇರೋದು ತಪ್ಪಲ್ಲ, ಖಾಲಿ ಇರೋದನ್ನ ಮುಚ್ಚೋದು ತಪ್ಪು ಅಂತ ಎಲ್ಲಾ ಶೆಡ್ಡಿಗೂ ಬರೆದು ಕಳಿಸಿ. ನಮ್ಮ ಹುಡುಗ್ರು ಹೆದರಿಕೊಂಡಿದಾರೆ. ಹೆದರಿದವರು ಎಣಿಸಲ್ಲ."

ಎರಡು ವಾರಕ್ಕೆ ತೀರ್ಪು ಬಂತು. ರದ್ದು ಅಲ್ಲ, ಎಂಟು ತಿಂಗಳ ಅಮಾನತು, ವಾಪಸ್ ಕೊಡುವ ಮೊದಲು ಮತ್ತೆ ಪರೀಕ್ಷೆ. ಮೇಷ್ಟ್ರು ಕೇಳಿಕೊಂಡ ಸುತ್ತೋಲೆ ಅದೇ ದಿನ ಎಲ್ಲ ಶೆಡ್ಡಿಗೂ ಹೋಯಿತು. ಆದೇಶದ ಕೊನೆಯ ಪುಟ ಅವಳದು. ಪ್ರತ್ಯೇಕ ತನಿಖೆ ಮುಗಿಯುವ ತನಕ ತಪಾಸಣೆಯ ಅಧಿಕಾರವಿಲ್ಲ, ಅವಳು ಎರಡು ವರ್ಷದಲ್ಲಿ ಫೋಟೋ ನೋಡಿ ಮುಗಿಸಿದ ಫೈಲುಗಳೆಲ್ಲ ಮತ್ತೆ ತೆರೆಯತಕ್ಕದ್ದು. ಉಪನಿರ್ದೇಶಕರ ಹುದ್ದೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಲೈಸೆನ್ಸು ಒಪ್ಪಿಸಲು ಮೇಷ್ಟ್ರು ಬಂದ ಹೊತ್ತಿಗೇ ಅವಳೂ ತನ್ನ ಅಧಿಕಾರದ ಚೀಟಿ ಒಪ್ಪಿಸಲು ಗುಮಾಸ್ತನ ಮೇಜಿನ ಮುಂದೆ ನಿಂತಿದ್ದಳು. ಮೇಷ್ಟ್ರು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯ ಪುಟ್ಟ ಪುಸ್ತಕ ತೆಗೆದು, ಅಂಗೈಯಿಂದ ಒರೆಸಿ, ಮೇಜಿನ ಮೇಲಿಟ್ಟರು. ಅವಳು ಚೀಟಿಯನ್ನು ಅದರ ಪಕ್ಕದಲ್ಲಿಟ್ಟಳು. ಗುಮಾಸ್ತ ಇಬ್ಬರ ಮುಖವನ್ನೂ ನೋಡದೆ ಎರಡು ರಸೀದಿ ಬರೆದುಕೊಟ್ಟ.

ಮೆಟ್ಟಿಲು ಇಳಿಯುವಾಗ ಇಬ್ಬರೇ ಇದ್ದರು. ಮಂಡಿ ನೋವಿನ ಮೇಷ್ಟ್ರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು, ಅವಳು ಅವರ ನಡಿಗೆಗೆ ಸರಿಯಾಗಿ ನಿಧಾನ ಮಾಡಿದಳು. ಮೆಟ್ಟಿಲು ತಿರುಗುವ ಜಾಗದಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ಕೇಳಿಯೇಬಿಟ್ಟಳು.

"ಅವತ್ತು ನಾನೇ ಹೇಳಿದ್ದು ಅಂತ ನೀವು ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?"

ಅವಳು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಅವರು ಕಂಬಿಯ ಮೇಲಿನ ತಮ್ಮ ಕೈಯನ್ನೇ ನೋಡಿದರು.

"ಆ ಫೋಟೋ ತೆಗೆದದ್ದು ನಾನೇ ಮೇಡಂ," ಎಂದರು ಆಮೇಲೆ. "ಕೆಂಪು ಹಿಡಿ ಇಕ್ಕಳ ನಂದೇ, ಮನೆಯಿಂದ ತಂದದ್ದು. ಹಳದಿ ಹಿಡೀದು, ಸರಿಯಾದ ಅಳತೇದು ಅಂಗಡೀಲಿ ಸಿಗ್ತಿತ್ತು. ನಾನೇ ಬೇಡ ಅಂದೆ. ಚುಕ್ಕೆ ಮೇಡಂ ಅಲ್ವಾ, ನೋಡಿದ ತಕ್ಷಣ ಫೋನ್ ಮಾಡ್ತಾರೆ, ಇದೇನ್ರಿ ಅಂತ ಕೇಳ್ತಾರೆ, ಕೇಳಿದ್ರೆ ಎಲ್ಲಾ ಹೇಳಿಬಿಡೋಣ ಅಂತ ಇದ್ದೆ. ಎರಡು ವಾರ ಫೋನಿನ ಪಕ್ಕದಲ್ಲೇ ಕೂತಿದ್ದೆ."

ಅವಳು ಕೈಯಲ್ಲಿದ್ದ ರಸೀದಿಯನ್ನು ಮಡಿಸಿ ಮತ್ತೆ ಮಡಿಸಿದಳು.

"ಕಾಗದ ಬಂತು, ಅದರಲ್ಲಿ ಚುಕ್ಕೆ ಇತ್ತು," ಎಂದರು ಮೇಷ್ಟ್ರು. "ಅವತ್ತಿನಿಂದ ನಾನೂ ನಂಬರು ಓದೋದು ಬಿಟ್ಟೆ."

ಅವರು ಮತ್ತೆ ಕಂಬಿ ಹಿಡಿದು ಇಳಿಯತೊಡಗಿದರು. ಅವಳು ಎರಡು ಮೆಟ್ಟಿಲು ಮೇಲೆಯೇ ನಿಂತಿದ್ದಳು, ಅವರು ಕೆಳಗೆ ತಲುಪಿ ಬಾಗಿಲು ತಳ್ಳಿಕೊಂಡು ಹೋಗುವ ತನಕ.